ಹೆಡ್‌ಫೋನಿಗೊಂದು ಗೂಟ

ರುಮಾಲು, ಕೊಡೆ, ಚೀಲ, ಎಲ್ಲಕ್ಕೂ ಮನೆಯ ಗೋಡೆಯಲ್ಲಿ ಒಂದೊಂದು ಗೂಟವಿದೆ. ಹೆಡ್‌ಫೋನಿಗೆ ಮಾತ್ರ ದಿಕ್ಕಿಲ್ಲ. ಅದಕ್ಕೇ ರಜೆ ಬಂದರೆ ಅದಕ್ಕೊಂದು ಕಟ್ಟಿಗೆಯ ಸ್ಟ್ಯಾಂಡು ಮಾಡಲು ನಾನು ಗರಗಸ ಹಿಡಿದು ಕೂಡುತ್ತೇನೆ.

ಕಟ್ಟಿಗೆಗೆಂದು ಕಲಬುರಗಿ ಜಿಲ್ಲೆಯ ಕಮಲಾಪುರಕ್ಕೆ ಹೋಗಿ ಪ್ರಯೋಜನವಿಲ್ಲ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆಗೆ ಹೆಸರಿದೆ, ಆದರೆ ಬಾಳೆಗಿಡದಲ್ಲಿ ಕಟ್ಟಿಗೆಯೇ ಇಲ್ಲ! ಕಲಬುರಗಿಯ ಕಟ್ಟಿಗೆ ಅಡ್ಡೆಯಲ್ಲಿ ಉಳಿದ ಬೇವು, ಜಾಲಿ ತುಂಡುಗಳೇ ಗತಿ. ಜಾಲಿ, ಉಳಿಯ ಬಾಯಿ ಮೊಂಡಾಗುವಷ್ಟು ಹಟಮಾರಿ. ಬುಡಕ್ಕೆ ಅದೇ ಸರಿ, ಬುಡ ಹಗುರಾದರೆ ಸ್ಟ್ಯಾಂಡು ಹೆಡ್‌ಫೋನ್ ಸಮೇತ ಸಾಷ್ಟಾಂಗ ಹಾಕುತ್ತದೆ. ಮೇಲಿನ ಬಾಗು ಅಗಲವಾಗಿ, ದುಂಡಗೆ ಇರಬೇಕು. ಚೂಪಾದರೆ ಪಟ್ಟಿಯ ಮೆತ್ತೆಯಲ್ಲಿ ಕುಳಿ ಬೀಳುತ್ತದೆ. 80, 120, 220 ನಂಬರಿನ ಪಾಲಿಶ್ ಪೇಪರಿನಿಂದ ಸರದಿಯಂತೆ ಉಜ್ಜಿ ಅಗಸೆ ಎಣ್ಣೆ ಸವರಿದರೆ ಕೆಲಸ ಮುಗಿಯಿತು. ಒಣಗಿಸಲು ನಮ್ಮ ಮೇ ತಿಂಗಳ ಬಿಸಿಲಿದೆ, ಅದೂ ಪುಕ್ಕಟೆ.

ಕಮಲಾಪುರದ ಕಾಕಾಗೆ ಒಂದು ಕೊಟ್ಟೆ. ತಿರುಗಿಸಿ ನೋಡಿದವರೇ, "ಭಾಳ ಛಲೋ ಮಾಡಿದಿ ನೋಡಪಾ!" ಎಂದು ಕೆಂಪು ಬಾಳೆಯ ಚಿಪ್ಪೊಂದನ್ನು ಅದಕ್ಕೆ ನೇತುಹಾಕಿದರು. ಸ್ಟ್ಯಾಂಡು ಅಲುಗಲಿಲ್ಲ. ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕೆ? ನೀವೂ ಒಂದು ಮಾಡಿ ನೋಡಿ. ಹಾಡು ಕೇಳದವರ ಮನೆಯಲ್ಲೂ ಹಣ್ಣು ಇದ್ದೇ ಇರುತ್ತದೆ.