ಅಡ್ಡಹೆಸರಿನ ಊರು

ನಮ್ಮ ವಿಜಯಪುರ ಸೀಮೆಯ ಯಾವುದಾದರೂ ಸಾಲಿಯ ಹಾಜರಿ ಪುಸ್ತಕ ತೆಗೆದು ಅಡ್ಡಹೆಸರುಗಳನ್ನಷ್ಟೇ ಗಟ್ಟಿಯಾಗಿ ಓದಿನೋಡಿ: ಸಾರವಾಡ, ಗಲಗಲಿ, ಬಬಲೇಶ್ವರ, ಇಂಗಳೇಶ್ವರ, ಮಮದಾಪುರ, ಕಾಖಂಡಕಿ. ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿದಂತೆಯೇ ಕೇಳುತ್ತದೆ. ವ್ಯತ್ಯಾಸ ಇಷ್ಟೇ, ಬಸ್ಸು ಆ ಊರಿಗೆ ಹೋಗುತ್ತದೆ, ಹೆಸರು ಹೊತ್ತವರು ಹೋಗುವುದಿಲ್ಲ. ಕಾಖಂಡಕಿಯಲ್ಲೇ ಇರುವವರನ್ನು ‘ಕಾಖಂಡಕಿಯವರೇ’ ಎಂದು ಕೂಗಿದರೆ ಓಣಿಗೆ ಓಣಿಯೇ ತಿರುಗಿ ನೋಡೀತು. ಅಲ್ಲಿರುವವರಿಗೆ ಪಾಟೀಲ, ಕುಲಕರ್ಣಿ, ಬಡಿಗೇರ, ಹೂಗಾರ ಎಂಬಂಥ ಹೆಸರುಗಳು ಸಾಕು. ಊರಿನ ಹೆಸರು ಊರು ಬಿಟ್ಟವರ ಪಾಲು. ಹೀಗಾಗಿ ಪುಣೆಯ ಫ್ಲ್ಯಾಟಿನ ಬಾಗಿಲ ಮೇಲೆ, ಹುಬ್ಬಳ್ಳಿಯ ವಕೀಲರ ಬೋರ್ಡಿನಲ್ಲಿ, ಬೆಂಗಳೂರಿನ ಕಂಪನಿಯ ಹುಡುಗನ ಕೊರಳಲ್ಲಿ ತೂಗುವ ಗುರುತಿನ ಚೀಟಿಯಲ್ಲಿ ಬರೆದ ಊರನ್ನು ಆ ಮನೆಯವರು ಕಣ್ಣಾರೆ ಕಂಡಿಲ್ಲದಿರುವುದೂ ಉಂಟು.

ಈ ವ್ಯವಹಾರವನ್ನು ಕಾಯದೆಯನ್ನಾಗಿಯೇ ಮಾಡಿಕೊಂಡ ದೇಶವೊಂದಿದೆ. ಸ್ವಿಟ್ಜರ್ಲೆಂಡಿನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರನ್ನು ಬರೆಯುವುದಿಲ್ಲ, ಮನೆತನದ ಮೂಲ ಊರನ್ನು ಬರೆಯುತ್ತಾರೆ. ಮುತ್ತಜ್ಜ ಯಾವ ಬೆಟ್ಟದ ಬುಡದ ಹಳ್ಳಿಯಲ್ಲಿ ದನ ಕಾಯುತ್ತಿದ್ದನೋ ಆ ಹಳ್ಳಿ ಜ್ಯೂರಿಕ್ಕಿನ ಬ್ಯಾಂಕಿನಲ್ಲಿ ಕೂತ ಮರಿಮಗನ ಬೆನ್ನಿಗಿರುತ್ತದೆ. ಹಿಂದೆ ಇದು ಬರೀ ಅಲಂಕಾರವಾಗಿರಲಿಲ್ಲ. ದುಡಿಯಲಾಗದೆ ದಿಕ್ಕಿಲ್ಲದೆ ಹೋದವರನ್ನು ಸಾಕುವ ಹೊಣೆ ಅವರ ಮೂಲ ಊರಿನದೇ ಆಗಿತ್ತು. ಅವರು ಎಲ್ಲೇ ಇರಲಿ, ಖರ್ಚು ಮಾತ್ರ ಹಳ್ಳಿಯ ತಲೆಗೆ.

ಈ ಪದ್ಧತಿ ನಮ್ಮಲ್ಲಿ ಬಂದರೆ ಹೇಗಿದ್ದೀತು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ. ಒಂದು ಸೋಮವಾರ ಬೆಳಿಗ್ಗೆ ಪುಣೆ, ಮುಂಬೈ, ಬೆಂಗಳೂರು, ನ್ಯೂಜೆರ್ಸಿಗಳ ಕಾಖಂಡಕಿಯವರೆಲ್ಲ ಬಗಲಲ್ಲಿ ಚೀಲ ಹಿಡಿದು ಪಂಚಾಯಿತಿ ಕಟ್ಟೆಯ ಮೇಲೆ ಬಂದು ಕೂತು, “ನಮ್ಮನ್ನ ಸಾಕ್ರಿ” ಎಂದರೆ ಪಿಡಿಒ ಸಾಹೇಬರು ರಜೆ ಹಾಕಿ ಹೋದಾರು. ಸದ್ಯಕ್ಕೆ ಹಣದ ಹರಿವು ತಿರುವುಮುರುವಾಗಿದೆ. ಹೊರಗಿನವರು ಜಾತ್ರೆಗೆ ಬಂದು, ಗುಡಿಗೆ ಫರಸಿಕಲ್ಲು ಹಾಕಿಸಿ, ಹೆಸರು ಕೆತ್ತಿಸಿ ಹೋಗುತ್ತಾರೆ. ಇಂಥವರೊಬ್ಬರು ನಮ್ಮ ಕಡೆಯ ಹಳ್ಳಿಯೊಂದರಲ್ಲಿ ಕಟ್ಟೆಯ ಮೇಲಿನ ಮುದುಕಪ್ಪನ ಎದುರು ನಿಂತು, ಎದೆಯುಬ್ಬಿಸಿ, ಅದೇ ಊರಿನ ಹೆಸರನ್ನು ತಮ್ಮ ಹೆಸರೆಂದು ಹೇಳಿದರಂತೆ. ಮುದುಕಪ್ಪ ಕಿವಿಗೆ ಕೈ ಹಚ್ಚಿ ಕೇಳಿಸಿಕೊಂಡು, “ಅದು ಆತ್ರೀ ಸರ, ಯಾವೂರಿಂದ ಬಂದೀರಿ ಅಂತ ಕೇಳಿದ್ನಿ” ಎಂದನಂತೆ.

ಊರು ಬಿಟ್ಟವರ ವಿಳಾಸ ಬದಲಾಗುವುದು ಸಹಜ. ಊರಲ್ಲೇ ಕೂತವರದ್ದೂ ಬದಲಾಗಿದೆ ಎನ್ನುವುದು ವಿಚಿತ್ರ. ಕಾಖಂಡಕಿ ಆದಿಲ್‌ಶಾಹಿಯಲ್ಲಿತ್ತು. 1686ರಲ್ಲಿ ಔರಂಗಜೇಬ ವಿಜಾಪುರ ಗೆದ್ದ ಮೇಲೆ ಮೊಗಲರದಾಯಿತು, ಆಮೇಲೆ ಪೇಶ್ವೆಯವರದು, ಆಮೇಲೆ ಇಂಗ್ರೇಜಿಯವರದು. ಜಿಲ್ಲೆಗೆ ಮೊದಲು ಕಲಾದಗಿ ಎಂದು ಹೆಸರು, 1885ರಲ್ಲಿ ಕಚೇರಿ ವಿಜಾಪುರಕ್ಕೆ ಬಂತು. ಮುಂಬೈ ಪ್ರಾಂತ ಹೋಗಿ 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕ, 2014ರ ನವೆಂಬರ್ 1ಕ್ಕೆ ಬಿಜಾಪುರ ಹೋಗಿ ವಿಜಯಪುರ. 2017ರ ಬಜೆಟ್ಟಿನಲ್ಲಿ 49 ಹೊಸ ತಾಲೂಕುಗಳನ್ನು ಸಾರಿದಾಗ ಬಬಲೇಶ್ವರ, ತಿಕೋಟಾಗಳಿಗೂ ಆ ಭಾಗ್ಯ ಬಂತು, ಕಾಖಂಡಕಿ ವಿಜಯಪುರ ತಾಲೂಕಿನಿಂದ ಬಬಲೇಶ್ವರ ತಾಲೂಕಿಗೆ ಹೋಯಿತು. ಒಂದು ಗೇಣು ಅಲುಗದೆ ಇಷ್ಟು ಪ್ರಯಾಣ! ಊರಿನ ಯಾವ ಅಜ್ಜಿಯೂ ಇದರಿಂದ ದಣಿದಂತೆ ಕಾಣುವುದಿಲ್ಲ. “ಪ್ಯಾಟಿಗೆ ಹೋಗಬೇಕು” ಎಂದರೆ ವಿಜಾಪುರಕ್ಕೇ ಹೋಗುವುದು, ಸರಕಾರ ಏನಾದರೂ ಅನ್ನಲಿ.

ಇನ್ನು ನೆಲದ ಲೆಕ್ಕ. ಸ್ವಿಸ್ ಸರಕಾರ ತನ್ನ ಒಂದೊಂದು ಹಳ್ಳಿಯ ನೆಲವನ್ನೂ ಅಳೆದು ಇಷ್ಟು ಭಾಗ ಕೃಷಿ, ಇಷ್ಟು ಕಾಡು, ಇಷ್ಟು ಮನೆಮಠ, ಇಷ್ಟು ‘ಏನೂ ಬೆಳೆಯದ್ದು’ ಎಂದು ಬರೆದಿಡುತ್ತದೆ. ಕೊನೆಯದರಲ್ಲಿ ಬಂಡೆ ಮತ್ತು ಹಿಮ. ನಮ್ಮ ಲೆಕ್ಕದಲ್ಲಿ ಎರಿ, ಮಡ್ಡಿ, ಗಾಂವಠಾಣ, ಗಾಯರಾಣ. ಕಾಡಿನ ಕಾಲಂ ಬರೆಯುವವನಿಗೆ ಕೆಲಸ ಕಡಿಮೆ. ಬೇಲಿಯ ಜಾಲಿಗಿಡ, ಬದುವಿನ ಬೇವು, ಗುಡಿ ಮುಂದಿನ ಅರಳಿ, ಅಲ್ಲಿಗೆ ಅರಣ್ಯ ಪರ್ವ ಮುಗಿಯಿತು. ಉಳಿದದ್ದೆಲ್ಲ ಎರೆಭೂಮಿ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುವ ಈ ಕರಿ ಮಣ್ಣು ಒಂದು ಮಳೆ ಬಿದ್ದರೆ ಚಪ್ಪಲಿಯನ್ನು ಹಿಡಿದುಕೊಂಡು ಕಾಲನ್ನಷ್ಟೇ ವಾಪಸು ಕೊಡುತ್ತದೆ. ಆದರೆ ತೇವ ಹಿಡಿದಿಡುವುದರಲ್ಲಿ ಇದರಂಥ ಜಿಪುಣ ಇನ್ನೊಂದಿಲ್ಲ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ ಮುಂದೆ ಮಳೆಯ ಮುಖ ಕಾಣದೆ, ಬರೀ ಇಬ್ಬನಿ ಮತ್ತು ಈ ಒಳತೇವದ ಮೇಲೆ ತೆನೆಗಟ್ಟುತ್ತದೆ. ಕಡಲೆ, ಕುಸುಬಿಗಳೂ ಹಾಗೆಯೇ.

ಅದಕ್ಕೆ ನಂಟಾಗಿ ಡೋಣಿ ನದಿ. ಮಹಾರಾಷ್ಟ್ರದ ಜತ್ತದ ಕಡೆ ಹುಟ್ಟಿ, ಸಾರವಾಡದ ಹತ್ತಿರ ಹಾದು, ತಾಳಿಕೋಟೆಯ ಮಗ್ಗುಲಲ್ಲಿ ಹರಿದು ಕೃಷ್ಣೆಗೆ ಸೇರುತ್ತದೆ. ನೀರು ಸವುಳು, ಕುಡಿಯಲು ಬಾರದು. ಮಳೆಗಾಲದಲ್ಲಿ ಸಿಟ್ಟು ಬಂದರೆ ಸೇತುವೆಯ ಮೇಲೆ ಹತ್ತಿ ಬಸ್ಸು ನಿಲ್ಲಿಸುತ್ತದೆ, ಹೊಲದ ದಂಡೆ ಕೊಚ್ಚಿಕೊಂಡು ಹೋಗುತ್ತದೆ. ಇಷ್ಟಾದರೂ ಡೋಣಿ ಸಾಲು ಬೆಳೆದರೆ ಓಣಿಯೆಲ್ಲ ಕಾಳು ಎಂಬ ಮಾತು ನಮ್ಮ ಸೀಮೆಯಲ್ಲಿ ಅಳಿದಿಲ್ಲ. ಆಲಮಟ್ಟಿಯ ಹಿನ್ನೀರನ್ನು ಮುಳವಾಡ ಏತ ನೀರಾವರಿಯಿಂದ ಎತ್ತಿ ಕಾಲುವೆಗೆ, ಕೆರೆಗೆ ಬಿಟ್ಟ ಮೇಲೆ ಸುತ್ತಲಿನ ಬಯಲಿನ ಬಣ್ಣವೇ ಬದಲಾಗಿದೆ. ಜೋಳ ಇದ್ದಲ್ಲಿ ಕಬ್ಬು ನಿಂತಿದೆ. ನನಗೆ ಇದರಲ್ಲಿ ಅರ್ಧ ಸಂತೋಷ. ಕಬ್ಬಿನ ಹೊಲದಲ್ಲಿ ಕೂತು ಸೀತನಿ ತಿನ್ನಲು ಬರುವುದಿಲ್ಲವಲ್ಲ.

ಜನಸಂಖ್ಯೆಗೆ ಬರೋಣ. ಸ್ವಿಟ್ಜರ್ಲೆಂಡಿನ ಕೊರಿಪ್ಪೊ ಎಂಬ ಕಲ್ಲುಮನೆಗಳ ಹಳ್ಳಿಯಲ್ಲಿ ಕೊನೆಕೊನೆಗೆ ಉಳಿದಿದ್ದವರು ಸುಮಾರು ಹತ್ತು ಹನ್ನೆರಡು ಮಂದಿ. ಅವರಿಗೂ ಒಂದು ಸ್ವಂತ ಪಂಚಾಯಿತಿ! 2020ರಲ್ಲಿ ಅದನ್ನು ವೆರ್ಜಾಸ್ಕಾದಲ್ಲಿ ಸೇರಿಸುವವರೆಗೂ ಹಾಗೇ ನಡೆಯಿತು. ನಮ್ಮ 1993ರ ಪಂಚಾಯತ್ ರಾಜ್ ಕಾಯದೆಯ ಪ್ರಕಾರ ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಆ ಲೆಕ್ಕದಲ್ಲಿ ಕೊರಿಪ್ಪೊಗೆ ಸದಸ್ಯನ ಒಂದು ಬೆರಳು ಸಿಕ್ಕಿದ್ದರೆ ಪುಣ್ಯ.

ನಮ್ಮ ಕಡೆ ಎಣಿಸುವುದೇ ಒಂದು ಸಾಹಸ. 1876-78ರ ಬರದಲ್ಲಿ ಕಲಾದಗಿ ಜಿಲ್ಲೆ ಎಷ್ಟು ಜನರನ್ನು ಕಳೆದುಕೊಂಡಿತೆಂದರೆ, 1872ರ ಗಣತಿಯಲ್ಲಿ ಎಂಟು ಲಕ್ಷ ದಾಟಿದ್ದ ಸಂಖ್ಯೆ 1881ರಲ್ಲಿ ಆರೂವರೆ ಲಕ್ಷಕ್ಕೂ ಕೆಳಗಿಳಿದಿತ್ತು. ಸತ್ತವರೆಷ್ಟು, ಎದ್ದು ಹೋದವರೆಷ್ಟು ಎಂದು ಬೇರ್ಪಡಿಸುವುದು ಆಗಿನ ಕಾರಕೂನರಿಗೂ ಕಷ್ಟವೇ ಆಗಿರಬೇಕು. ಎದ್ದು ಹೋಗುವುದು ಈಗಲೂ ಇದೆ. ಸುಗ್ಗಿ ಮುಗಿದರೆ ಗೋವಾ, ಮುಂಬೈ, ಪುಣೆ, ಮಂಗಳೂರು, ಎಲ್ಲಿ ಗಿಲಾವು ಇದೆಯೋ ಅಲ್ಲಿ ನಮ್ಮವರು. ಮನೆಗೆ ಕೀಲಿ, ಕಟ್ಟೆಯ ಮೇಲೆ ಅಜ್ಜಿ, ರೇಷನ್ ಕಾರ್ಡಿನಲ್ಲಿ ಮಾತ್ರ ತುಂಬಿದ ಸಂಸಾರ. 2011ರ ಜನಗಣತಿಯಲ್ಲಿ ಜಿಲ್ಲೆಗೆ 21 ಲಕ್ಷ 77 ಸಾವಿರ ಎಂದು ಬರೆದುಕೊಂಡರು. ಮುಂದಿನದು 2027ಕ್ಕೆ. ಹದಿನಾರು ವರ್ಷ ಯಾರೂ ಎಣಿಸದಿದ್ದರೂ ಹುಟ್ಟುವವರು ಹುಟ್ಟುತ್ತಾರೆ, ಹೋಗುವವರು ಹೋಗುತ್ತಾರೆ.

ಇನ್ನು ಬಂದವರ ಕಥೆ. ಕಾಖಂಡಕಿ ಎಂದರೆ ಕನ್ನಡ ನಾಡಿಗೆ ಮೊದಲು ನೆನಪಾಗುವವರು ಹರಿದಾಸ ಮಹಿಪತಿರಾಯರು, 1611ರಿಂದ 1681. ಅವರು ಹುಟ್ಟಾ ಕಾಖಂಡಕಿಯವರಲ್ಲ. ಮನೆತನ ಅಥಣಿ ಸೀಮೆಯ ಐಗಳಿಯ ಕಡೆಯದು, ನೌಕರಿ ವಿಜಾಪುರದ ಆದಿಲ್‌ಶಾಹಿ ದರಬಾರಿನದು, ಅದೂ ಲೆಕ್ಕಪತ್ರದ ದೊಡ್ಡ ಹುದ್ದೆ. ಗೋಳಗುಮ್ಮಟ ಏಳುತ್ತಿದ್ದ ಕಾಲ, ರಾಜಧಾನಿಯಲ್ಲಿ ದುಡ್ಡು ಕುಣಿಯುತ್ತಿತ್ತು. ಅದನ್ನೆಲ್ಲ ಬಿಟ್ಟು ಸಾರವಾಡದ ಭಾಸ್ಕರಸ್ವಾಮಿಗಳ ಶಿಷ್ಯರಾಗಿ, ಕಾಖಂಡಕಿಗೆ ಬಂದು ನೆಲೆಸಿ, ಕನ್ನಡ, ಮರಾಠಿಗಳಲ್ಲಷ್ಟೇ ಅಲ್ಲದೆ ದಖ್ಖಣಿಯಲ್ಲೂ ಹಾಡು ಕಟ್ಟಿದರು. ರಾಜಧಾನಿಯಿಂದ ಹಳ್ಳಿಗೆ ತಾನಾಗಿಯೇ ವರ್ಗ ಕೇಳಿಕೊಂಡು ಹೋದ ಸರಕಾರಿ ನೌಕರ ನಮ್ಮ ಜಿಲ್ಲೆಯ ಇತಿಹಾಸದಲ್ಲಿ ಇವರೊಬ್ಬರೇ ಇರಬೇಕು ಎಂದು ನನ್ನ ಗುಮಾನಿ.

ಇವರು ಸ್ವಿಸ್ ಹಳ್ಳಿಗೆ ಹೋಗಿ ಆ ಊರಿನವನಾಗುತ್ತೇನೆ ಎಂದಿದ್ದರೆ ಏನಾಗುತ್ತಿತ್ತು? ಅಲ್ಲಿ ನಾಗರಿಕತ್ವಕ್ಕೆ ದೇಶ, ಪ್ರಾಂತ, ಹಳ್ಳಿ ಮೂರೂ ಹೂಂ ಎನ್ನಬೇಕು. ಹತ್ತು ವರ್ಷದ ವಾಸ, ಭಾಷೆಯ ಪರೀಕ್ಷೆ, ಆಮೇಲೆ ಎಷ್ಟೋ ಕಡೆ ಊರಸಭೆಯಲ್ಲಿ ಕೈಯೆತ್ತಿ ತೀರ್ಮಾನ. ಆರ್ಗೌ ಪ್ರಾಂತದ ಗಿಪ್ಫ್-ಓಬರ್‌ಫ್ರಿಕ್ ಎಂಬ ಹಳ್ಳಿಯಲ್ಲಿ ಚಿಕ್ಕಂದಿನಿಂದ ಸ್ವಿಟ್ಜರ್ಲೆಂಡಿನಲ್ಲೇ ಬೆಳೆದ ಹೆಣ್ಣುಮಗಳೊಬ್ಬಳಿಗೆ ಊರವರು ಎರಡು ಸಲ ‘ಊಹೂಂ’ ಎಂದರು. ತಕರಾರು ಏನು? ಹಸುಗಳ ಕೊರಳಿಗೆ ಅಷ್ಟು ಭಾರದ ಗಂಟೆ ಕಟ್ಟಬೇಡಿ, ಅವಕ್ಕೆ ತ್ರಾಸು ಎಂದು ಆಕೆ ಊರ ತುಂಬ ಹೇಳಿಕೊಂಡು ತಿರುಗಿದ್ದಳು. ಕೊನೆಗೆ 2017ರಲ್ಲಿ ಪ್ರಾಂತದ ಸರಕಾರವೇ ನಡುವೆ ಬಂದು ನಾಗರಿಕತ್ವ ಕೊಡಿಸಬೇಕಾಯಿತು. ಓದಿದಾಗ ನಗು ಬಂತು. ಆದರೆ ಕಾರ ಹುಣ್ಣಿಮೆಯ ಮುಂಜಾನೆ ಕಾಖಂಡಕಿಯ ಅಗಸಿಯಲ್ಲಿ ನಿಂತು “ಎತ್ತಿಗೆ ಗೆಜ್ಜೆ ಕಟ್ಟಬ್ಯಾಡ್ರಿ” ಎನ್ನುವ ಧೈರ್ಯ ನನಗಿದೆಯೇ ಎಂದು ಕೇಳಿಕೊಂಡ ಮೇಲೆ ನಗು ನಿಂತಿತು.

ಏಕೆಂದರೆ ಈ ಊರಿನ ಕಾರ ಹುಣ್ಣಿಮೆ ಸಾಮಾನ್ಯದ್ದಲ್ಲ. ಬೇರೆ ಊರುಗಳಲ್ಲಿ ಕರಿ ಹರಿದು ಹೋಳಿಗೆ ಉಂಡು ಮರೆತ ಮೇಲೆ, ಕೆಲವು ದಿನ ಬಿಟ್ಟು ಇಲ್ಲಿ ಶುರುವಾಗುತ್ತದೆ. ಕೊಂಬಿಗೆ ಬಣ್ಣ, ಹಣೆಗೆ ಗೊಂಡೆ, ಮೈಮೇಲೆ ಝೂಲ ಹಾಕಿದ ಹೋರಿಗಳನ್ನು ಓಡಿಸುತ್ತಾರೆ. ಮಾಳಿಗೆಯ ಮೇಲೆ, ಗೋಡೆಯ ಮೇಲೆ, ಟ್ರ್ಯಾಕ್ಟರಿನ ಮೇಲೆ ಎಲ್ಲೆಲ್ಲೂ ಜನ. ಹೋರಿಗೆ ಎದುರಾಗುವ ಹುಡುಗರಲ್ಲಿ ಕೆಲವರಿಗೆ ಪೆಟ್ಟೂ ಆಗುತ್ತದೆ. ಇದು ಬರೀ ಹಳ್ಳಿಗರ ಹುಂಬತನ ಎಂದು ಮೂಗು ಮುರಿಯುವವರಿಗೆ ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತದ ಸುದ್ದಿ ಹೇಳಬೇಕು. ಅಲ್ಲಿ ಏರಾಂಸ್ ತಳಿಯ ಆಕಳುಗಳನ್ನು ಒಂದಕ್ಕೊಂದು ತಲೆ ಹಚ್ಚಿ ಕಾದಾಡಲು ಬಿಡುತ್ತಾರೆ, ಗೆದ್ದದ್ದಕ್ಕೆ ರಾಣಿಯ ಪಟ್ಟ. ಹೋರಿಗಳ ಬದಲು ಆಕಳು, ಓಟದ ಬದಲು ಕಾಳಗ, ಅಷ್ಟೇ ಫರಕು. ಆ ದೇಶದಲ್ಲಿ ಹೆಣ್ಣು ದನಕ್ಕೆ ಪಟ್ಟ ಮೊದಲು ಸಿಕ್ಕಿತು, ಹೆಣ್ಣುಮಕ್ಕಳಿಗೆ ಮತ ತಡವಾಗಿ ಸಿಕ್ಕಿತು. ದೇಶದ ಚುನಾವಣೆಯಲ್ಲಿ 1971ರಲ್ಲಿ. ಅಪೆನ್ಜೆಲ್ ಇನ್ನರ್‌ರೋಡನ್ ಎಂಬ ಪ್ರಾಂತದಲ್ಲಿ ಬಯಲುಸಭೆಯಲ್ಲಿ ಗಂಡಸರಷ್ಟೇ ಕೈಯೆತ್ತುತ್ತಿದ್ದರು. 1990ರಲ್ಲಿ ನ್ಯಾಯಾಲಯ ಗದರಿಸಿದ ಮೇಲೆಯೇ ಹೆಂಗಸರಿಗೂ ಜಾಗ ಬಿಟ್ಟರು. ಅದಕ್ಕೂ ಮೊದಲೇ, ಆಗಿನ ಮಂತ್ರಿ ನಜೀರ್ ಸಾಬರು ತಂದ ಕಾಯದೆಯ ಪ್ರಕಾರ 1987ರಲ್ಲಿ ನಮ್ಮ ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದು, ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಣ್ಣುಮಕ್ಕಳಿಗೆ ಬಂದಿತ್ತು. ಈಗ ಅದು ಅರ್ಧಕ್ಕೆ ಏರಿದೆ. ಬಹಳ ಬೀಗುವಂತಿಲ್ಲ, ‘ಅಧ್ಯಕ್ಷರ ಯಜಮಾನರು’ ಎಂಬ, ಯಾವ ಕಾಯದೆಯಲ್ಲೂ ಇಲ್ಲದ ಹುದ್ದೆಯನ್ನು ನಾವೇ ಹುಟ್ಟಿಸಿಕೊಂಡಿದ್ದೇವೆ.

ಗ್ರಾಮಸಭೆಯ ಕೋರಂ ನಮ್ಮಲ್ಲಿ ಮತದಾರರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಸ್ವಿಸ್ ಹಳ್ಳಿಗಳಲ್ಲೂ ಊರಸಭೆಗೆ ಬಹಳ ಮಂದಿ ಮನೆಬಿಟ್ಟು ಬರುವುದಿಲ್ಲವಂತೆ. ಬಂದವರಿಗೆ ಸಭೆ ಮುಗಿದ ಮೇಲೆ ವೈನು, ತಿಂಡಿ. ನಮ್ಮಲ್ಲಿ ಚಾ, ಚುರುಮರಿ. ನಿಜವಾದ ಅಂತರ ಬೇರೆಯೇ ಇದೆ. ಅಲ್ಲಿ ಬರುವ ವರ್ಷ ಊರಿಗೆ ಎಷ್ಟು ತೆರಿಗೆ ಕೊಡಬೇಕೆಂಬುದನ್ನೂ ಆ ಸಭೆಯೇ ತೀರ್ಮಾನಿಸುತ್ತದೆ. ಸಾಲಿಯ ಮಾಳಿಗೆ ಸೋರುತ್ತಿದ್ದರೆ ತೆರಿಗೆ ಏರಿಸೋಣ ಎಂದು ಕೊಡುವವರೇ ಕೈಯೆತ್ತುತ್ತಾರೆ.

ಇದನ್ನು ನಾನು ಚಾದ ಅಂಗಡಿಯ ಮುಂದೆ ಸ್ವಲ್ಪ ಭಕ್ತಿಯಿಂದಲೇ ವರ್ಣಿಸಿದೆ. ಎಲೆ ಅಡಿಕೆ ಮೆಲ್ಲುತ್ತಿದ್ದ ಹಿರಿಯರೊಬ್ಬರು ಪೂರ್ತಿ ಕೇಳಿ, ಪಕ್ಕಕ್ಕೆ ತಿರುಗಿ ಉಗುಳಿ ಬಂದು ಕೇಳಿದರು:

“ತಮ್ಮ ಪಟ್ಟಿ ತಾವ ಏರಿಸ್ಕೊಳ್ತಾರೇನ್ರಿ?”

“ಹೌದು ಕಾಕಾ, ಎಲ್ಲಾರ ಮುಂದ ಕೈ ಎತ್ತಿ.”

“ಛಲೋ ಆತು. ನಮ್ಮಲ್ಲೂ ಎತ್ತಸ್ರಿ. ಎತ್ತಿದವರ ಹೆಸರ ಮಾತ್ರ ಒಂದ ವಹಿಯಾಗ ಬರಕೊಳ್ರಿ. ವಸೂಲಿ ಅವರ ಮನಿಯಿಂದನ ಶುರು ಮಾಡೂಣು.”