ಪೋಸ್ಟ್‌ಡಾಕ್ ಡಾಕ್ಟರು

ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಮಂಡಿನೋವು ಅಂತ ಹೋದರೆ ಮಾತ್ರೆ ಬರೆದುಕೊಡದ ಡಾಕ್ಟರುಗಳೂ ಇದ್ದಾರೆ. ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ ಮುಗಿಸಿ, ಕ್ರಾಫರ್ಡ್ ಭವನದಲ್ಲಿ ಗೌನು ತೊಟ್ಟ ಫೋಟೊವನ್ನು ಹಜಾರದಲ್ಲಿ ತೂಗುಹಾಕಿ, ಪೋಸ್ಟ್‌ಡಾಕ್ ಹುಡುಕುತ್ತಿರುವವರು ಇವರು.

ಬ್ಯಾಂಕಿನಿಂದ ರಿಟೈರಾದ ಎದುರುಮನೆ ರಾಯರು ಗೇಟಿನಲ್ಲೇ ಹಿಡಿಯುತ್ತಾರೆ.

“ಏನಪ್ಪಾ, ಇನ್ನೂ ಓದೋದು ಬಾಕಿ ಇದೆಯಾ?”

“ಓದಲ್ಲ ಅಂಕಲ್, ಕೆಲಸ.”

“ಪರ್ಮನೆಂಟಾ?”

“ಎರಡು ವರ್ಷ.”

“ಆಮೇಲೆ?”

“ಇನ್ನೊಂದು ಪೋಸ್ಟ್‌ಡಾಕ್.”

ರಾಯರು ಮೌನವಾಗಿ ಹಾಲಿನ ಬೂತಿನ ಕಡೆ ನಡೆಯುತ್ತಾರೆ.

ಪುರೋಹಿತರ ಬಾಯಲ್ಲಿ ಪಂಚಾಂಗ ಇದ್ದ ಹಾಗೆ ಡಾಕ್ಟರ ಬಾಯಲ್ಲಿ ಗಡುವುಗಳಿವೆ. ನಮ್ಮ ನ್ಯಾಷನಲ್ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ಪಿಗೆ ವಯಸ್ಸು 35 ದಾಟಬಾರದು, ರಿಯಾಯಿತಿ ಇದ್ದವರಿಗೆ ಇನ್ನಷ್ಟು. ಯುರೋಪಿನ ಮೇರಿ ಕ್ಯೂರಿಗೆ ಪಿಎಚ್‌ಡಿ ಆಗಿ 8 ವರ್ಷದೊಳಗೆ, ಜರ್ಮನಿಯ ಹಂಬೋಲ್ಟಿಗೆ 4 ವರ್ಷದೊಳಗೆ. 35 ದಾಟಿದರೆ ಅಂತ ಅಮ್ಮನಿಗೂ ಆತಂಕವೇ. ಅವರು ಹಿಡಿದು ಕೂತಿರುವುದು ಮಾತ್ರ ಜಾತಕ.

ಊಟದ ಹೊತ್ತನ್ನು ಜರ್ಮನಿ ನಿರ್ಧರಿಸುತ್ತದೆ. ಅಲ್ಲಿ ಬೆಳಗ್ಗೆ ಒಂಬತ್ತಕ್ಕೆ ಪ್ರೊಫೆಸರು ಮೇಲ್ ತೆರೆದಾಗ ಇಲ್ಲಿ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಹುಳಿ ಅನ್ನ ಆರುತ್ತದೆ, ಉತ್ತರ ಬರುವುದಿಲ್ಲ.

ಶಿಫಾರಸು ಪತ್ರದ್ದು ಬೇರೆಯೇ ಕಥೆ. “ನೀನೇ ಬರ್ಕೊಂಡು ಬಾರಪ್ಪಾ, ಸೈನ್ ಹಾಕ್ತೀನಿ” ಅಂತಾರೆ ಗೈಡು. ಮೊದಲ ಪ್ರತಿಯಲ್ಲಿ ಡಾಕ್ಟರು ‘ಶ್ರಮಜೀವಿ’. ಸಂಕೋಚ ಕಳೆದ ಮೂರನೆಯದರಲ್ಲಿ ‘ನನ್ನ ಇಡೀ ವೃತ್ತಿಜೀವನದಲ್ಲಿ ಕಂಡ ಅಪರೂಪದ ಪ್ರತಿಭೆ’. ಗೈಡು ಎರಡಕ್ಕೂ ಓದದೆಯೇ ಸಹಿ ಹಾಕುತ್ತಾರೆ.

ಡಾಕ್ಟರಿಗೆ ಪೆಟ್ಟು ಬೀಳುವುದು ಅವಸರದಲ್ಲಿ. ಒಂದೇ ಅರ್ಜಿ ಪತ್ರವನ್ನು ನಾಲ್ಕು ಖಂಡಗಳಿಗೆ ಹಂಚಿ, ಪ್ಯಾರಿಸ್ಸಿನವರ ಪ್ರಬಂಧದ ಹೊಗಳಿಕೆಯನ್ನು ಒಸಾಕಾದವರಿಗೆ ಕಳಿಸಿಬಿಡುತ್ತಾರೆ. ಎಷ್ಟೋ ಪೋಸ್ಟ್‌ಡಾಕ್‌ಗಳು ಜಾಹೀರಾತಿನ ಮುಖವನ್ನೇ ಕಾಣುವುದಿಲ್ಲ, ಪ್ರೊಫೆಸರಿಗೇ ನೇರವಾಗಿ ಬರೆಯಬೇಕು. ಪ್ರೊಫೆಸರ ಪ್ರಾಜೆಕ್ಟಿನಲ್ಲಿ ಹಣವಿರಬೇಕು, ಇಲ್ಲವೇ ನಮ್ಮದೇ ಫೆಲೋಶಿಪ್ ಇರಬೇಕು. ಎರಡಕ್ಕೂ ಮೊದಲು ಅವರ ಪ್ರಬಂಧವನ್ನು ನಿಜವಾಗಿ ಓದಿ, ತನ್ನಿಂದ ಅಲ್ಲಿ ಏನಾಗುತ್ತದೆಂದು ಒಂದು ಪುಟದಲ್ಲಿ ಹೇಳಬೇಕು. ಹಾಗೆ ಬರೆದ ಐದು ಪತ್ರಕ್ಕಿರುವ ಬೆಲೆ ಹಂಚಿದ ಐನೂರಕ್ಕಿಲ್ಲ. ಇದು ಡಾಕ್ಟರಿಗೂ ಗೊತ್ತು. ಜೂನಿಯರುಗಳಿಗೆ ಚೆನ್ನಾಗಿ ಹೇಳಿಕೊಡುತ್ತಾರೆ.

ನಿಮ್ಮ ಬೀದಿಯಲ್ಲೂ ಇಂಥವರಿದ್ದರೆ ‘ಕೆಲಸ ಸಿಕ್ತಾ?’ ಅಂತ ಕೇಳಬೇಡಿ. ‘ಯಾವುದರ ಮೇಲೆ ಸಂಶೋಧನೆ?’ ಅಂತ ಕೇಳಿ. ಆದರೆ ಒಲೆ ಮೇಲೆ ಹಾಲಿಟ್ಟು ಬಂದಿದ್ದರೆ ಅದನ್ನೂ ಕೇಳಬೇಡಿ.