ಸರ್ಕಾರ ಬದಲಾದಾಗಲೆಲ್ಲ ನನ್ನ ತೂಕ ಬದಲಾಗುತ್ತೆ: ಬಿಪಿಎಲ್ ಕಾರ್ಡ್ ಮನದಾಳ

ನ್ಯಾಯಬೆಲೆ ಅಂಗಡಿಯಲ್ಲಿ ಸರ್ವರ್ ಕೈಕೊಟ್ಟಿತ್ತು. ಸಾಲಿನ ಮುಂದಿದ್ದ ಅಜ್ಜಿಯ ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪುತ್ತಿರಲಿಲ್ಲ. ಆಕೆ ಅದನ್ನು ಸೆರಗಿಗೆ ಒರೆಸಿ ಒರೆಸಿ ಒತ್ತುತ್ತಿದ್ದರು. ಆ ಬಿಡುವಿನಲ್ಲಿ ಅವರ ಬಿಪಿಎಲ್ ಕಾರ್ಡು ಮಾತಿಗೆ ಸಿಕ್ಕಿತು.

ನಿಮ್ಮ ಹುಟ್ಟು ಯಾವಾಗ?

1997ರಲ್ಲಿ ಸ್ವಾಮಿ. ಆ ವರ್ಷ ಕೇಂದ್ರ ಸರ್ಕಾರ ಬಡತನದ ಗೆರೆ ಎಳೆದು, ಮೇಲಿನವರು ಎಪಿಎಲ್, ಕೆಳಗಿನವರು ಬಿಪಿಎಲ್ ಅಂತ ಪಾಲು ಮಾಡಿತು. ಪಕ್ಕದ ತಮಿಳುನಾಡು ಆ ಗೆರೆಯನ್ನೇ ಒಪ್ಪಲಿಲ್ಲ.

ನೀವು ಯಾರ ಮನೆಗೆ ಹೋಗುತ್ತೀರಿ?

ವರ್ಷದ ಆದಾಯ 1.2 ಲಕ್ಷ ದಾಟದವರ ಮನೆಗೆ. ಸ್ವಂತಕ್ಕೆ ಕಾರು ಇರಬಾರದು, ಸರ್ಕಾರಿ ನೌಕರಿ ಇರಬಾರದು.

ನೀತಿ ಆಯೋಗದ ಪ್ರಕಾರ 2019–21ರಲ್ಲಿ ರಾಜ್ಯದ ಬಹುಆಯಾಮದ ಬಡತನ ಶೇ 7.58. ನೀವು ನೋಡಿದರೆ ಕೋಟಿಗೂ ಹೆಚ್ಚು ಮನೆಗಳಲ್ಲಿದ್ದೀರಿ!

ಕಾರನ್ನು ಅಳಿಯನ ಹೆಸರಿಗೆ ಬರೆಸಿ ನನ್ನನ್ನು ಬೀರುವಿನಲ್ಲಿ ಇಟ್ಟುಕೊಂಡವರೂ ಇದ್ದಾರೆ, ಸುಳ್ಳು ಹೇಳಲ್ಲ. ಆದರೆ ಎಷ್ಟೋ ಮಂದಿಗೆ ನಾನು ಬೇಕಿರೋದು ಅಕ್ಕಿಗಲ್ಲ, ಆಸ್ಪತ್ರೆಗೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ನಾನಿದ್ದರೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನಾನಿಲ್ಲದಿದ್ದರೆ ಸರ್ಕಾರ ಕೊಡೋದು ಪ್ಯಾಕೇಜಿನ ಶೇ 30 ಮಾತ್ರ. ತಿಂಗಳಿಗೆ ಹದಿನೈದು ಸಾವಿರ ದುಡಿಯುವವನು ಆದಾಯದ ಲೆಕ್ಕದಲ್ಲಿ ಬಡವನಲ್ಲ; ಸ್ಟೆಂಟ್ ಹಾಕಿಸುವ ದಿನ ಅವನು ಯಾರು, ನೀವೇ ಹೇಳಿ.

ನಿಮ್ಮ ತೂಕ ಯಾಕಿಷ್ಟು ಏರುಪೇರು?

2013ರಲ್ಲಿ ಸಿದ್ದರಾಮಯ್ಯ ಬಂದರು: ಅಕ್ಕಿ ಕೆ.ಜಿ.ಗೆ ಒಂದು ರೂಪಾಯಿ, ಮನೆಗೆ 30 ಕೆ.ಜಿ.ವರೆಗೆ. 2017ಕ್ಕೆ ತಲಾ 7 ಕೆ.ಜಿ. 2018ರಲ್ಲಿ ಕುಮಾರಸ್ವಾಮಿ ಬಜೆಟ್‌ನಲ್ಲಿ 5 ಅಂದರು. ಗದ್ದಲವಾಯ್ತು, ಮತ್ತೆ 7. ಬಿಜೆಪಿ ಬಂದ ಮೇಲೆ 5ಕ್ಕೆ ಇಳಿದೆ. 2023ರಲ್ಲಿ ಕಾಂಗ್ರೆಸ್ 10 ಅಂದಿತು. ಕೇಂದ್ರ ಅಕ್ಕಿ ಮಾರಲ್ಲ ಅಂದಾಗ ಹೆಚ್ಚುವರಿ 5 ಕೆ.ಜಿ.ಯ ಬದಲು ಕೆ.ಜಿ.ಗೆ 34 ರೂಪಾಯಿ ಲೆಕ್ಕ ಹಾಕಿ ತಲಾ 170 ರೂಪಾಯಿ ಖಾತೆಗೆ ಹಾಕಿದರು. ಅಜ್ಜಿಯ ಹೊಟ್ಟೆ ಮಾತ್ರ ಅಂದಿನಿಂದ ಇಂದಿನವರೆಗೆ ಅಷ್ಟೇ ಇದೆ.

ಇದೆಲ್ಲ ಬಿಟ್ಟಿ ಭಾಗ್ಯ ಎನ್ನುತ್ತಾರಲ್ಲ?

2022ರ ಜುಲೈನಲ್ಲಿ ಪ್ರಧಾನಿಯವರೇ ಬಿಟ್ಟಿ ಹಂಚುವ ‘ರೇವಡಿ ಸಂಸ್ಕೃತಿ’ ಬಗ್ಗೆ ಎಚ್ಚರಿಸಿದರು. ಮರುವರ್ಷ ಮೇ ತಿಂಗಳಲ್ಲಿ ಅವರದೇ ಪಕ್ಷದ ಪ್ರಣಾಳಿಕೆ ಬಂತು: ಬಿಪಿಎಲ್ ಮನೆಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿಗೊಂದು, ಗಣೇಶನ ಹಬ್ಬಕ್ಕೊಂದು, ದೀಪಾವಳಿಗೊಂದು ಗ್ಯಾಸ್ ಸಿಲಿಂಡರ್. ‘ಅವರು ಕೊಟ್ಟರೆ ಬಿಟ್ಟಿ, ನಾವು ಕೊಟ್ಟರೆ ಪೋಷಣೆ’ ಅನ್ನೋ ನ್ಯಾಯ!

ಕಾಂಗ್ರೆಸ್ ಸರ್ಕಾರದ ಗ್ಯಾರಂಟಿಗಳಲ್ಲಿ ಹಲವಕ್ಕೆ ನಿಮ್ಮನ್ನು ಕೇಳುವವರೇ ಇಲ್ಲ. ಬೇಸರವೇ?

ಹೊಟ್ಟೆಕಿಚ್ಚು ಸ್ವಾಮಿ! ಶಕ್ತಿ ಯೋಜನೆಯ ಉಚಿತ ಬಸ್ಸು ಹತ್ತುವ ಹೆಂಗಸರನ್ನು ಕಂಡಕ್ಟರು ಬಡವರೋ ಅಲ್ಲವೋ ಅಂತ ಕೇಳೋದಿಲ್ಲ. ಗೃಹಜ್ಯೋತಿಯಲ್ಲಿ ಎಪಿಎಲ್‌ನವರ ಕರೆಂಟ್ ಬಿಲ್ಲೂ ಸೊನ್ನೆ. ಬಿಟ್ಟಿ ಅಂತ ಟಿ.ವಿ. ಮುಂದೆ ಬೈಯುವಾಗ ಉರಿಯೋದೂ ಅದೇ ಕರೆಂಟು. ಇದರಲ್ಲೊಂದು ಲೆಕ್ಕಾಚಾರ ಇದೆ. ಬಡವರಿಗಷ್ಟೇ ಕೊಟ್ಟದ್ದನ್ನು ಬಜೆಟ್‌ನ ಒಂದು ಸಾಲಿನಲ್ಲಿ ಇಳಿಸಬಹುದು, ನನ್ನ ಕಥೆಯೇ ಸಾಕ್ಷಿ. ಮಧ್ಯಮವರ್ಗದ ನಾಲಿಗೆಗೂ ರುಚಿ ಹತ್ತಿಸಿದರೆ, ಮುಂದೆ ಬರುವ ಪಕ್ಷ ಕಿತ್ತುಕೊಳ್ಳೋಕೆ ಹತ್ತು ಸಲ ಯೋಚಿಸಬೇಕು.

2024ರ ನವೆಂಬರ್‌ನಲ್ಲಿ ನಿಮ್ಮವರನ್ನೇ ರದ್ದು ಮಾಡಹೊರಟಿದ್ದರು.

ಜರಡಿ ಹಿಡಿದರು. ಗುಲ್ಲೆದ್ದ ಮೇಲೆ, ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡು ಮುಟ್ಟಬೇಡಿ ಅಂದರು. ಬಡವರ ಅನ್ನ ಕಸಿದರು ಅಂತ ಬೀದಿಗಿಳಿದವರು ಯಾರು ಗೊತ್ತೆ? ಅದುವರೆಗೆ ಗ್ಯಾರಂಟಿಗಳಿಂದ ಖಜಾನೆ ಖಾಲಿ ಅಂತ ಕೂಗುತ್ತಿದ್ದ ವಿರೋಧ ಪಕ್ಷದವರು.

ಹಾಗಾದರೆ ನಿಮ್ಮದು ಯಾವ ಪಕ್ಷ?

ಚುನಾವಣೆ ಪಕ್ಷ. ಓಟು ಹತ್ತಿರವಾದಾಗ ನನ್ನನ್ನು ರದ್ದು ಮಾಡುವ ಗಂಡು ಇನ್ನೂ ಹುಟ್ಟಿಲ್ಲ. ವಿಧಾನಸಭೆಯದ್ದೋ, ಲೋಕಸಭೆಯದ್ದೋ, ಬೇರೆ ಬೇರೆ ವರ್ಷ ನಡೆಯುತ್ತಿರಲಿ. ದಿಲ್ಲಿಯಲ್ಲಿ ಅದೇನೋ ‘ಒಂದು ರಾಷ್ಟ್ರ, ಒಂದು ಚುನಾವಣೆ’ ಮಸೂದೆ ತಂದಿದ್ದಾರಂತಲ್ಲ, ಅದೊಂದು ಬೇಡ ಅಂತ ನಿಮ್ಮ ಪತ್ರಿಕೆಯಲ್ಲಿ ಬರೆದುಬಿಡಿ. ಐದು ವರ್ಷಕ್ಕೊಮ್ಮೆ ಮಾತ್ರ ಬಡವರ ನೆನಪಾದರೆ, ಮಿಕ್ಕ ನಾಲ್ಕು ವರ್ಷ ನಾನು ಯಾರ ಹೆಸರು ಹೇಳಿಕೊಂಡು ಬದುಕಲಿ?